ಸಂದೂಕದ ತಳದ ಕಾಗದ

ಕಳೆದ ವರ್ಷ ಆಗಸ್ಟ್ ಕೊನೆಯಲ್ಲಿ ಪರಿಚಯದ ಮೇಷ್ಟರೊಬ್ಬರು ನಮಗೆ ಫೋನು ಮಾಡಿದರು. ಶಾಲೆಯಲ್ಲಿ ಸೆಪ್ಟೆಂಬರ್ 17ಕ್ಕೆ ಒಂದು ಪುಟ್ಟ ಪ್ರದರ್ಶನ ಇಡಬೇಕೆಂದಿದ್ದರು. "ನಿಮ್ಮ ಮನ್ಯಾಗ ಹಳೇ ಉರ್ದು ಪೇಪರ್ ಇರ್ತಾವಲ್ರಿ. 1948ರ ಸೆಪ್ಟೆಂಬರ್ 17ರದ್ದು ಒಂದು ಕೊಡ್ರಿ, ನಿಜಾಮ ಶರಣಾದ ಸುದ್ದಿ ಹುಡುಗರಿಗೆ ತೋರಸ್ತೀನಿ" ಅಂದರು. ಕತೆ ಬರೆಯುವವರ ಮನೆಯಲ್ಲಿ ಹಳೆಯ ಕಾಗದ ಇದ್ದೇ ಇರುತ್ತದೆ ಎಂಬ ನಂಬಿಕೆ ಅವರದು. ಹುಡುಕುತ್ತೇವೆ ಎಂದೆವು. ಈ ಲೇಖನ ಆ ಹುಡುಕಾಟದಿಂದ ಹುಟ್ಟಿದ್ದು.

ಮೇಷ್ಟರಿಗೆ ನಾವು ಮೊದಲು ಹೇಳಬೇಕಾಗಿ ಬಂದ ಮಾತು ಬಹಳ ಸಣ್ಣದು. ಸೆಪ್ಟೆಂಬರ್ 17ರ ಸುದ್ದಿ ಸೆಪ್ಟೆಂಬರ್ 17ರ ಪತ್ರಿಕೆಯಲ್ಲಿ ಇರುವುದಿಲ್ಲ. ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಕಾಲಿಟ್ಟದ್ದು 13ರಂದು. ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನ್ ಸೋಲೊಪ್ಪಿದ ಸಂಗತಿ ರೇಡಿಯೊದಲ್ಲಿ ಕೇಳಿಬಂದದ್ದು 17ರ ಸಂಜೆ. ಅವರ ಸೇನಾಧಿಪತಿ ಅಲ್ ಇದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧುರಿಯವರ ಮುಂದೆ ವಿಧಿವತ್ತಾಗಿ ಶರಣಾದದ್ದು 18ರಂದು. ಬೆಳಿಗ್ಗೆ ಅಚ್ಚಾದ 17ರ ಪತ್ರಿಕೆಗೆ ಸಂಜೆಯ ಸಂಗತಿ ಹೇಗೆ ತಿಳಿದೀತು? ಗಾಂಧೀಜಿಯನ್ನು ಕೊಂದದ್ದು 1948ರ ಜನವರಿ 30ರ ಸಂಜೆ, ದೇಶದ ಬಹುಪಾಲು ಜನ ಅದನ್ನು ಓದಿದ್ದು 31ರ ಬೆಳಿಗ್ಗೆ. 1947ರ ಆಗಸ್ಟ್ 15ರ ಮಾತು ಬೇರೆ. ಅಧಿಕಾರ ಹಸ್ತಾಂತರ ನಡುರಾತ್ರಿಗೆಂದು ಮೊದಲೇ ಗೊತ್ತಿದ್ದರಿಂದ ಪತ್ರಿಕೆಗಳು ತಯಾರಾಗಿ ಕೂತಿದ್ದವು. ಹೀಗಾಗಿ ಐತಿಹಾಸಿಕ ದಿನದ ಪತ್ರಿಕೆ ಕಾಪಿಡುವವರು ಆ ದಿನದ್ದು, ಮರುದಿನದ್ದು, ಅದರ ಮರುದಿನದ್ದು, ಮೂರನ್ನೂ ಇಟ್ಟುಕೊಳ್ಳಬೇಕು. ನಮ್ಮನ್ನು ಕೇಳಿದರೆ ಮೊದಲನೆಯದೇ ಹೆಚ್ಚು ಬೆಲೆಯುಳ್ಳದ್ದು. ಸಂಜೆ ಏನಾಗಲಿದೆ ಎಂದು ತಿಳಿಯದೆ ಎಣ್ಣೆ, ಸಾಬೂನಿನ ಜಾಹೀರಾತು ಹಾಕಿಕೊಂಡು ಬಂದ ಪತ್ರಿಕೆ ಅದು.

ಎರಡನೆಯ ಪ್ರಶ್ನೆ, ಯಾವ ಪತ್ರಿಕೆ? ಇಲ್ಲಿ ನಮ್ಮ ಮನಸ್ಸು ಒಂದೇ ಹೆಸರಿನ ಮೇಲೆ ಹೋಗಿ ನಿಲ್ಲುತ್ತದೆ. ಅದು 'ಇಮ್ರೋಜ್'. 1947ರ ನವೆಂಬರಿನಲ್ಲಿ ಹೈದರಾಬಾದಿನಲ್ಲಿ ಶುರುವಾದ ಉರ್ದು ದಿನಪತ್ರಿಕೆ. ಸಂಪಾದಕ ಶೋಯೆಬುಲ್ಲಾ ಖಾನ್, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದ, ಇನ್ನೂ ಮೂವತ್ತು ತುಂಬದ ತರುಣ. ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಬೇಕು, ಜನರಿಗೆ ಜವಾಬ್ದಾರಿ ಸರ್ಕಾರ ಸಿಗಬೇಕು ಎಂದು ಅವರು ಬರೆದರು. ಕಾಸಿಮ್ ರಜ್ವಿಯ ರಜಾಕಾರರು ಬೀದಿಯಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ, ಅದೇ ಊರಿನಲ್ಲಿ ಕೂತು, ಉರ್ದುವಿನಲ್ಲೇ ಬರೆದರು. ಬೆದರಿಕೆ ಬಂತು, ಪೆನ್ನು ನಿಲ್ಲಲಿಲ್ಲ. 1948ರ ಆಗಸ್ಟ್ 21ರ ರಾತ್ರಿ ಕಚೇರಿಯ ಕೆಲಸ ಮುಗಿಸಿ ಮನೆಗೆ ಹೊರಟಾಗ ಕಾಚಿಗೂಡದ ಬಳಿ ಅವರ ಮೇಲೆ ಬಿದ್ದು ಗುಂಡು ಹಾರಿಸಿದರು, ಬರೆಯುವ ಕೈಯನ್ನು ಕತ್ತರಿಸಿದರು. ಬೆಳಗಾಗುವುದರೊಳಗೆ ಶೋಯೆಬುಲ್ಲಾ ಖಾನ್ ತೀರಿಕೊಂಡರು.

ಇಮ್ರೋಜ್ ಎಂದರೆ 'ಇಂದು'. ಯಾವ 'ಇಂದಿ'ಗಾಗಿ ಆ ಪತ್ರಿಕೆ ಹತ್ತು ತಿಂಗಳು ಬರೆಯಿತೋ ಆ ದಿನ ಬಂದಾಗ ಅದನ್ನು ಬರೆಯಲು ಸಂಪಾದಕ ಇರಲಿಲ್ಲ. ನಡುವೆ ಉಳಿದಿದ್ದದ್ದು ನಾಲ್ಕು ವಾರ ಅಷ್ಟೆ. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಎಷ್ಟೋ ಹೆಸರುಗಳನ್ನು ನಾವು ಕೇಳಿದ್ದೇವೆ, ಈ ಹೆಸರು ನಮ್ಮ ಕಿವಿಗೆ ಬಿದ್ದದ್ದು ಅಪರೂಪ. ಮೇಷ್ಟರ ಪ್ರದರ್ಶನದಲ್ಲಿ ಇಡಬೇಕಾದದ್ದು ನಿಜವಾಗಿ ಇಮ್ರೋಜ್‌ನ ಒಂದು ಹಾಳೆ. ಅದು ನಮ್ಮ ಬಳಿ ಇಲ್ಲ.

ಉಳಿದ ಪತ್ರಿಕೆಗಳ ಲೆಕ್ಕವೂ ಹೀಗೇ ಅಡ್ಡಾದಿಡ್ಡಿ. 'ರಹಬರ್-ಎ-ದಖ್ಖನ್' ನಿಜಾಮರ ಪರವಾಗಿದ್ದ ದೊಡ್ಡ ಪತ್ರಿಕೆ, ಕಾರ್ಯಾಚರಣೆಯ ನಂತರ ಹೆಸರು ಬದಲಿಸಿಕೊಂಡು 'ರಹನುಮಾ-ಎ-ದಖ್ಖನ್' ಆಯಿತು. ಇಂದು ಎಲ್ಲರಿಗೂ ಗೊತ್ತಿರುವ 'ಸಿಯಾಸತ್' ಹುಟ್ಟಿದ್ದು 1949ರ ಆಗಸ್ಟ್ 15ಕ್ಕೆ. ಕನ್ನಡದ 'ಪ್ರಜಾವಾಣಿ'ಯ ಮೊದಲ ಸಂಚಿಕೆ 1948ರ ಅಕ್ಟೋಬರ್ 15ರದ್ದು, ಈ ದಿನ ಅದರ ಕೈ ತಪ್ಪಿದ್ದು ಸರಿಯಾಗಿ ನಾಲ್ಕು ವಾರದಿಂದ. ಹುಬ್ಬಳ್ಳಿಯ 'ಸಂಯುಕ್ತ ಕರ್ನಾಟಕ' ಆಗಲೇ ಇತ್ತು. ಆದರೆ ಅದು ಗಡಿಯ ಆಚೆಯ ಪತ್ರಿಕೆ. ಕಲಬುರಗಿ, ಬೀದರ್, ರಾಯಚೂರಿನ ಜನರಿಗೆ ಹುಬ್ಬಳ್ಳಿ ಆಗ ಬೇರೆ ರಾಜ್ಯ. ಹೀಗೆ ನೋಡಿದರೆ ನಮ್ಮ ನೆಲದ ಆ ವಾರ ನಮ್ಮ ನೆಲದಲ್ಲಿ ಅಚ್ಚಾಗಿದ್ದು ಬಹುಪಾಲು ಉರ್ದುವಿನಲ್ಲಿ. ಆ ಹಾಳೆಗಳು ಎಲ್ಲಿ ಹೋದವು ಎಂಬುದೇ ನಮ್ಮ ಪ್ರಶ್ನೆ.

ಬಹಳಷ್ಟು ಒಲೆಗೆ ಹೋದವು. ಇದನ್ನು ಬರೆಯಲು ನಮಗೆ ಸ್ವಲ್ಪ ಧೈರ್ಯ ಬೇಕಾಗುತ್ತದೆ, ಏಕೆಂದರೆ ಒಂದು ಕಡೆಯ ಕತೆ ಹೇಳಿದರೆ ಇನ್ನೊಂದನ್ನು ಮುಚ್ಚಿಟ್ಟರು ಎಂಬ ಮಾತು ಬರುತ್ತದೆ. ಎರಡನ್ನೂ ಹೇಳೋಣ. 1948ರ ಮೇ ತಿಂಗಳಲ್ಲಿ ಬೀದರ್ ಸೀಮೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ಆ ಭಾಗದ ಜನ ಇಂದಿಗೂ ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಎಷ್ಟೋ ಕುಟುಂಬಗಳು ರಾತ್ರೋರಾತ್ರಿ ಸೊಲ್ಲಾಪುರದ ಕಡೆಗೆ ದಾಟಿಕೊಂಡವು. ಸೆಪ್ಟೆಂಬರಿನಲ್ಲಿ ಸೇನೆ ಬಂದ ಮೇಲೆ ಗಾಳಿ ತಿರುಗಿತು. ರಜಾಕಾರರ ಲೆಕ್ಕವನ್ನು ಅದಕ್ಕೆ ಸಂಬಂಧವೇ ಇಲ್ಲದ ರೈತ, ನೇಕಾರ, ಕಟುಕ, ಅಂಗಡಿಯವನ ಮನೆಗಳಲ್ಲಿ ತೀರಿಸಲಾಯಿತು. ಭಾರತ ಸರ್ಕಾರವೇ ಪಂಡಿತ್ ಸುಂದರಲಾಲ್ ಅವರ ನೇತೃತ್ವದಲ್ಲಿ ಒಂದು ತಂಡ ಕಳಿಸಿತು, 'ಪಯಾಮ್' ಪತ್ರಿಕೆಯ ಸಂಪಾದಕರಾಗಿದ್ದ ಕಾಜಿ ಅಬ್ದುಲ್ ಗಫಾರ್ ಕೂಡ ಅದರಲ್ಲಿದ್ದರು. ನವೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ ಊರೂರು ಸುತ್ತಿದ ಆ ತಂಡ ಸತ್ತವರ ಸಂಖ್ಯೆಯನ್ನು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ಹೆಚ್ಚು ನೊಂದವು ಎಂದು ಅದು ಗುರುತಿಸಿದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಆ ವರದಿ ಅಚ್ಚಾಗಲಿಲ್ಲ. ಕೆಲವು ತುಣುಕುಗಳು ಅಲ್ಲಲ್ಲಿ ಹೊರಬಿದ್ದರೂ ಅದು ಜನರ ಗಮನಕ್ಕೆ ಸರಿಯಾಗಿ ಬಂದದ್ದು 2013ರಲ್ಲಿ, 65 ವರ್ಷಗಳ ಮೇಲೆ. ಸರ್ಕಾರವೇ ತನ್ನ ಕಾಗದವನ್ನು ಇಷ್ಟು ಕಾಲ ಕತ್ತಲಲ್ಲಿ ಇಟ್ಟಿತು. ಬಡವರು ತಮ್ಮದನ್ನು ಸುಟ್ಟುಕೊಂಡದ್ದಕ್ಕೆ ಯಾರನ್ನು ದೂರುವುದು?

ನಮ್ಮ ದಾದಿಮಾ ಸುಟ್ಟವರಲ್ಲಿ ಒಬ್ಬರು. ಅವರಿಗೆ ಓದು ಬರುತ್ತಿರಲಿಲ್ಲ. ದಾದಾ ಒಂದು ಕಚೇರಿಯಲ್ಲಿ ಗುಮಾಸ್ತರು, ಅವರ ಕಾಗದಗಳಲ್ಲಿ ಯಾವುದು ಅಪಾಯದ್ದು, ಯಾವುದು ಬರೀ ಧಾನ್ಯದ ಲೆಕ್ಕ ಎಂದು ದಾದಿಮಾಗೆ ತಿಳಿಯುವ ದಾರಿ ಇರಲಿಲ್ಲ. ಹಳ್ಳಿಗಳಿಂದ ಸುದ್ದಿ ಬರತೊಡಗಿದಾಗ ಒಂದು ರಾತ್ರಿಯೆಲ್ಲ ಒಲೆ ಉರಿಸಿದರಂತೆ. ಚಿತ್ರವಿದ್ದದ್ದು, ಮುದ್ರೆಯಿದ್ದದ್ದು, ಹಸಿರು ಶಾಯಿಯದ್ದು, ಎಲ್ಲ. ನಮ್ಮ ಬಾಲ್ಯದಲ್ಲಿ ನಾವು ಶಾಲೆಯ ಪುಸ್ತಕ ಹರಡಿಕೊಂಡು ಕೂತರೆ ಅವರು ಪದೇ ಪದೇ ಹೇಳುತ್ತಿದ್ದದ್ದು ಒಂದೇ: "ಕಾಗಜ್ ಕೂ ಜಬಾನ್ ರೈತೀ ಬೇಟಾ." ಕಾಗದಕ್ಕೆ ನಾಲಿಗೆ ಇರುತ್ತದೆ. ಬೇರೆ ಮನೆಗಳಲ್ಲಿ ಇದನ್ನು ವಿದ್ಯೆಯ ಹೊಗಳಿಕೆಯಾಗಿ ಹೇಳುತ್ತಿದ್ದರೇನೋ. ನಮ್ಮ ಮನೆಯಲ್ಲಿ ಅದು ಎಚ್ಚರಿಕೆಯಾಗಿತ್ತು.

ಸುಡದೆ ಉಳಿದದ್ದು ಒಂದು ಸಂದೂಕ. ಅದು ಉಳಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ಒಂದು ಲಿಂಗಾಯತರ ಮನೆ. ಆ ಬೇಸಿಗೆಯಲ್ಲಿ ಅವರು ಸೊಲ್ಲಾಪುರದ ಕಡೆ ಹೋದಾಗ ಎಮ್ಮೆಯನ್ನೂ ಮನೆಯ ಕೀಲಿಯನ್ನೂ ನಮ್ಮ ದಾದಾರ ಕೈಗೆ ಕೊಟ್ಟು ಹೋಗಿದ್ದರು. ಸೇನೆ ಬರುತ್ತಿದೆ ಎಂದಾಗ ಮನೆಯ ಯಜಮಾನರು ಮರಳಿದರು. ಒಂದು ಸಂಜೆ ಹಿತ್ತಿಲ ಬಾಗಿಲಿಗೆ ಬಂದು, "ಏನೇನ್ ಇಡೂದದ ನಮ್ ಹಗೇವಿನಾಗ ಇಳಸ್ರಿ ಭಾಭಿ. ಮ್ಯಾಲ ಜ್ವಾಳ ಸುರೀತೀನಿ, ಯಾರ್ ನೋಡ್ತಾರ?" ಅಂದರಂತೆ. ದಾದಿಮಾ ಸಂದೂಕಕ್ಕೆ ಬೇಕಾದ್ದು ತುಂಬಿ, ತಳಕ್ಕೊಂದು ಪತ್ರಿಕೆಯ ಹಾಳೆ ಹಾಸಿ ಕೊಟ್ಟರು. ಹಗೇವು ಎಂದರೆ ತೆಂಕಣ ಸೀಮೆಯ ಓದುಗರಿಗೆ ತಿಳಿಯಲಿಕ್ಕಿಲ್ಲ. ನೆಲದಲ್ಲಿ ಆಳವಾಗಿ ತೋಡಿ, ಗೋಡೆಗೆ ಹುಲ್ಲು ಹಚ್ಚಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತುವ ಕಣಜ ಅದು. ಒಳಗೆ ಗಾಳಿಯಿಲ್ಲ, ಬೆಳಕಿಲ್ಲ. ತೆರೆದ ಕೂಡಲೇ ಯಾರೂ ಇಳಿಯುವುದಿಲ್ಲ, ಉಸಿರು ಕಟ್ಟುತ್ತದೆಂದು ಮೊದಲು ದೀಪ ಇಳಿಬಿಟ್ಟು ನೋಡುತ್ತಾರೆ.

ಸಂದೂಕ ಮೇಲೆ ಬಂದದ್ದು ಯಾವಾಗ ಎಂದು ಮನೆಯಲ್ಲಿ ಎರಡು ಮಾತಿದೆ. ಚಳಿಗಾಲ ಎನ್ನುವವರು ಕೆಲವರು, ಮರುವರ್ಷ ಎನ್ನುವವರು ಕೆಲವರು. ಅದೇನೇ ಇರಲಿ, ಮೇಷ್ಟರ ಫೋನು ಬಂದ ಮೇಲೆ ನಾವು ಅದನ್ನು ಅಟ್ಟದಿಂದ ಇಳಿಸಿ ತೆರೆದೆವು. ಒಂದು ರೂಮಿ ಟೋಪಿ, ಕುಚ್ಚು ಕತ್ತರಿಸಿದ್ದು. ಒಂದು ಮದುವೆಯ ದುಪಟ್ಟಾ. ಹಾಲಿ ಸಿಕ್ಕಾದ ಒಂದು ರೂಪಾಯಿ ನಾಣ್ಯ. ನಿಜಾಮರ ಸ್ವಂತ ಟಂಕಸಾಲೆಯ ನಾಣ್ಯಕ್ಕೆ ಹಾಲಿ ಸಿಕ್ಕಾ ಎಂದೂ, ಬ್ರಿಟಿಷ್ ಇಂಡಿಯಾದ ರೂಪಾಯಿಗೆ ಕಲ್ದಾರ್ ಎಂದೂ ನಮ್ಮ ಹಿರಿಯರು ಕರೆಯುತ್ತಿದ್ದರು. ನಾಣ್ಯದ ಮೇಲೆ ಚಾರ್‌ಮಿನಾರ್, ಅದರ ಬಾಗಿಲಿನಲ್ಲಿ 'ಐನ್' ಅಕ್ಷರ. ಉಸ್ಮಾನ್ ಎಂಬ ಹೆಸರಿನ ಮೊದಲ ಅಕ್ಷರ ಅದು. ಸಂಸ್ಥಾನ ಹೋದ ಮೇಲೂ ಈ ನಾಣ್ಯ ಕೆಲವು ವರ್ಷ ಸಂತೆಯಲ್ಲಿ ಓಡಾಡಿ 1959ಕ್ಕೆ ಪೂರ್ತಿ ನಿಂತಿತು.

ಎಲ್ಲ ಎತ್ತಿಟ್ಟ ಮೇಲೆ ತಳದಲ್ಲಿ ಆ ಹಾಳೆ. ಕಾಫಿ ಬಣ್ಣಕ್ಕೆ ತಿರುಗಿದೆ, ಮಡಿಕೆಯಲ್ಲಿ ಬಿರುಕಿದೆ, ಆದರೆ ಅಕ್ಷರ ಕಪ್ಪಗೇ ಇದೆ. ಕಾತಿಬರು ಕೈಯಲ್ಲಿ ಬರೆದು ಕಲ್ಲಚ್ಚಿನಲ್ಲಿ ಒತ್ತಿದ ನಸ್ತಾಲೀಖ್. ಆಗಿನ ಉರ್ದು ಪತ್ರಿಕೆಯ ಹಾಳೆ ಹಾಳೆಯೂ ಒಬ್ಬ ಮನುಷ್ಯನ ಕೈಬರಹ ಎಂಬುದನ್ನು ಕಂಪ್ಯೂಟರಿನಲ್ಲಿ ಉರ್ದು ಓದುವ ಈಗಿನವರು ಮರೆತಿದ್ದಾರೆ. ಮೇಲಿನ ಎರಡು ಬೆರಳಗಲ ಮಾತ್ರ ಇಲ್ಲ. ಪತ್ರಿಕೆಯ ಹೆಸರಿರುವ ಜಾಗವನ್ನೇ ಯಾರೋ ನೇರವಾಗಿ ಹರಿದಿದ್ದಾರೆ. ಹರಿದ ಅಂಚಿನ ಕೆಳಗೆ ತಾರೀಖಿನ ಅರ್ಧ ಉಳಿದಿದೆ: ಜೀಖಾದ 1367. ದಿನದ ಅಂಕಿ ಹೋಗಿದೆ. ಲೆಕ್ಕ ಹಾಕಿದರೆ ಆ ಹಿಜರಿ ತಿಂಗಳು 1948ರ ಸೆಪ್ಟೆಂಬರ್ ಮೊದಲ ವಾರದಿಂದ ಅಕ್ಟೋಬರ್ ಆರಂಭದವರೆಗೆ ಬರುತ್ತದೆ. ಅಂದರೆ ಆ ದಿನಗಳದ್ದೇ ಪತ್ರಿಕೆ, ಯಾವುದೆಂದು ಮಾತ್ರ ಹೇಳಲಾಗದು. ಹೆಸರು ಸಿಕ್ಕಿಬಿದ್ದೀತೆಂದು ಭಯದಿಂದ ಹರಿದರೋ, ಮೇಲೆ ದೇವರ ಹೆಸರಿದ್ದರೆ ಅದು ಸಾಮಾನಿನ ಕೆಳಗೆ ಬೀಳಬಾರದೆಂದು ಭಕ್ತಿಯಿಂದ ಹರಿದರೋ? ನಾವು ಎರಡನ್ನೂ ನಂಬುತ್ತೇವೆ.

ಹಗೇವು ಈ ಹಾಳೆಗೆ ಮಾಡಿದ ಉಪಕಾರವನ್ನು ಕಾಗದದ ತಜ್ಞರ ಮಾತಿನಲ್ಲಿ ಹೇಳುವುದಾದರೆ ಹೀಗೆ. ಪತ್ರಿಕೆಯ ಕಾಗದ ಮರವನ್ನು ಅರೆದು ಮಾಡುವ ಅಗ್ಗದ ಕಾಗದ. ಮರದಲ್ಲಿನ ಲಿಗ್ನಿನ್ ಎಂಬ ಅಂಶ ಅದರಲ್ಲೇ ಉಳಿದಿರುತ್ತದೆ. ಬೆಳಕು, ಗಾಳಿ ತಾಗಿದಂತೆ ಅದು ಹಳದಿಗೆ ತಿರುಗುತ್ತದೆ, ಆಮ್ಲ ಹುಟ್ಟಿ ನಾರು ಮುರಿಯುತ್ತದೆ. ಮಸಿ ಅಳಿಯುವುದಿಲ್ಲ, ಅದನ್ನು ಹೊತ್ತ ಕಾಗದವೇ ಪುಡಿಯಾಗುತ್ತದೆ. ಬಟ್ಟೆಯ ಚಿಂದಿಯಿಂದ ಕೈಯಲ್ಲಿ ಮಾಡಿದ ಹಳೆಯ ಕಾಗದ ನಾಲ್ಕು ನೂರು ವರ್ಷ ನಿಂತ ಉದಾಹರಣೆಗಳು ಬೇಕಾದಷ್ಟಿವೆ. ಹಾಗಾಗಿ ನಿಮ್ಮ ಮುತ್ತಜ್ಜನ ಕೈಬರಹದ ಪುಸ್ತಕ ನಿಮ್ಮ ತಂದೆಯವರ ದಿನಪತ್ರಿಕೆಗಿಂತ ಗಟ್ಟಿಯಾಗಿದ್ದರೆ ಆಶ್ಚರ್ಯಪಡಬೇಕಿಲ್ಲ. ಕತ್ತಲು, ಒಣ ನೆಲ, ಏರಿಳಿಯದ ಬಿಸಿಲು ನಮ್ಮ ಹಾಳೆಗೆ ಸಿಕ್ಕಿದ್ದರಿಂದ ಮೊದಲ ಪೆಟ್ಟು ತಪ್ಪಿತು. ನಂತರ ಸಂದೂಕದ ಮುಚ್ಚಳ ಕಾಯಿತು.

ಮನೆಯಲ್ಲಿ ಇಂಥ ಹಾಳೆ ಇರುವವರಿಗೆ ನಾವು ಕಲಿತದ್ದನ್ನು ಹೇಳುತ್ತೇವೆ, ಹಲವನ್ನು ತಪ್ಪು ಮಾಡಿಯೇ ಕಲಿತೆವು. ಹರಿದಲ್ಲಿ ಸೆಲ್ಲೋಟೇಪ್ ಹಚ್ಚಬೇಡಿ, ಅದರ ಅಂಟು ಕೆಲ ವರ್ಷಕ್ಕೆ ಕಂದು ಕಲೆಯಾಗಿ ಅಕ್ಷರವನ್ನೇ ನುಂಗುತ್ತದೆ. ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸುವುದು ಅದಕ್ಕಿಂತ ಕೆಟ್ಟದ್ದು, ಬಿಸಿಯಲ್ಲಿ ಬೆಸೆದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ, ಒಳಗಿನ ಆಮ್ಲ ಒಳಗೇ ಕೆಲಸ ಮಾಡುತ್ತದೆ. ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತವೆ. ಬೇವಿನ ಎಲೆ ಹುಳಕ್ಕೆ ಒಳ್ಳೆಯದೆಂದು ನಾವು ಹಾಳೆಯ ಮಡಿಕೆಯಲ್ಲೇ ಇಟ್ಟಿದ್ದೆವು, ಎಲೆಯ ಆಕಾರ ಸಂಪಾದಕೀಯದ ಮೇಲೆ ಮೂಡಿ ಕೂತಿದೆ. ಹಾಳೆಯನ್ನು ಬಿಡಿಸಿ ಚಪ್ಪಟೆಯಾಗಿ, ಆಮ್ಲವಿಲ್ಲದ ಬಿಳಿ ಕಾಗದಗಳ ನಡುವೆ, ನೆಲಕ್ಕೂ ಹೊರಗೋಡೆಗೂ ತಾಗದಂತೆ ಇಡಬೇಕು. ಚೌಕಟ್ಟು ಹಾಕಿ ಬೈಠಕ್ಕಿನಲ್ಲಿ ತೂಗುಹಾಕುವ ಆಸೆಯಿದ್ದರೆ ನಕಲು ತೆಗೆಸಿ ಅದನ್ನು ತೂಗುಹಾಕಿ. ನಾಣ್ಯಕ್ಕೆ ದಯವಿಟ್ಟು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಮತ್ತೆ, ಹಳೆಯ ಪೇಪರ್ ಎಂದು ಮಾರುವವರಿಂದ ಕೊಳ್ಳುವಾಗ ಎಚ್ಚರ. ಹೆಸರಾದ ದಿನಗಳ ಪತ್ರಿಕೆಗಳನ್ನು ಮರುಮುದ್ರಿಸುವ ವಾಡಿಕೆ ಇದೆ, ಚಿತ್ರಗಳು ಮಸುಕಾಗಿ ಕಾಗದ ಮಾತ್ರ ಹೊಸದಾಗಿ ಕಂಡರೆ ಅದು ನಕಲೇ. ಶಿರೋನಾಮೆಯನ್ನಷ್ಟೇ ಕತ್ತರಿಸಿ ಇಡುವ ಅಭ್ಯಾಸವೂ ಬೇಡ. ಶಿರೋನಾಮೆ ಯಾವ ಇತಿಹಾಸದ ಪುಸ್ತಕದಲ್ಲೂ ಸಿಗುತ್ತದೆ. ಜೋಳದ ಧಾರಣೆ, ಕಳೆದುಹೋದ ಹುಡುಗನ ಪ್ರಕಟಣೆ, ಸಿನಿಮಾ ಜಾಹೀರಾತು ಬೇರೆಲ್ಲೂ ಸಿಗುವುದಿಲ್ಲ.

ಇವೆಲ್ಲ ಕಾಗದದ ಶತ್ರುಗಳಾದವು. ಉರ್ದು ಕಾಗದಕ್ಕೆ ಒಂದು ವಿಚಿತ್ರ ಶತ್ರು ಇದೆ, ಅದರ ಹೆಸರು ಅದಬ್. ಅಲ್ಲಾಹನ ಹೆಸರು, ನಬಿಯವರ ಹೆಸರು ಇರಬಹುದಾದ ಹಾಳೆ ಕಾಲಿಗೆ ತಾಗಬಾರದು, ಅಂಗಡಿಯಲ್ಲಿ ಕಡಲೆ ಕಟ್ಟುವ ಪೊಟ್ಟಣವಾಗಬಾರದು. ಆದ್ದರಿಂದ ಮಸೀದಿಯ ಮೂಲೆಯಲ್ಲೊಂದು ಪೆಟ್ಟಿಗೆ. ಅದು ತುಂಬಿದಾಗ ಬಾವಿಗೋ ಹೊಳೆಗೋ ಬಿಡುವುದು, ಇಲ್ಲವೆ ಮಣ್ಣು ಮಾಡುವುದು. 'ಠಂಡಾ ಕರನಾ' ಎನ್ನುತ್ತಾರೆ ನಮ್ಮ ದಖನಿಯಲ್ಲಿ, ತಂಪು ಮಾಡುವುದು. ಭಾವನೆ ದೊಡ್ಡದು, ಅದನ್ನು ಆಡಿಕೊಳ್ಳಲು ನಾವು ತಯಾರಿಲ್ಲ. ಆದರೆ ಈ ಗೌರವದಲ್ಲಿ ಎಷ್ಟು ವರ್ಷಗಳ ಪತ್ರಿಕೆಗಳು ನೀರಿನ ಪಾಲಾದವೋ! ಕನ್ನಡದ ಹಳೆಯ ಪೇಪರಾದರೆ ರದ್ದಿ ಅಂಗಡಿಗೆ ಹೋಗಿ, ಅಲ್ಲಿಂದ ಯಾರಾದರೂ ಹುಚ್ಚು ಸಂಗ್ರಾಹಕನ ಕೈಗೆ ಸಿಗುವ ಸಾಧ್ಯತೆಯಾದರೂ ಇರುತ್ತದೆ. ಉರ್ದುವಿಗೆ ಅದೂ ಇಲ್ಲ. ಅದಬ್ ಎಂದರೆ ನೀರಿಗೆ ಬಿಡುವುದೊಂದೇ ಅಲ್ಲ ಎಂಬುದಕ್ಕೆ ನಮ್ಮಲ್ಲೇ ಪುರಾವೆಯಿದೆ. ಯೆಮೆನ್‌ನ ಸನಾ ನಗರದ ದೊಡ್ಡ ಮಸೀದಿಯಲ್ಲಿ ಸವೆದ ಕುರ್‌ಆನ್ ಹಾಳೆಗಳನ್ನು ಛಾವಣಿಯ ಸಂದಿಯಲ್ಲಿ ಇಡುತ್ತಿದ್ದರು. 1972ರಲ್ಲಿ ದುರಸ್ತಿಗೆಂದು ಛಾವಣಿ ಬಿಚ್ಚಿದಾಗ ಇಸ್ಲಾಮಿನ ಮೊದಲ ಶತಮಾನದ ಹಾಳೆಗಳು ಸಿಕ್ಕವು. ಅಲ್ಲಿಯವರೂ ಗೌರವವನ್ನೇ ತೋರಿಸಿದ್ದರು, ಒಣ ಜಾಗದಲ್ಲಿ ತೋರಿಸಿದ್ದರು, ಅಷ್ಟೇ ವ್ಯತ್ಯಾಸ.

ಇನ್ನು ಓದುವವರ ಮಾತು. ಒಂದು ಊರಿನ ವಾಚನಾಲಯದಲ್ಲಿ ಉರ್ದು ಪತ್ರಿಕೆಗಳ ಹಳೆಯ ಕಟ್ಟುಗಳನ್ನು ನಾವು ವಿದ್ಯಾರ್ಥಿ ದಿನಗಳಲ್ಲಿ ಕಂಡಿದ್ದೆವು. ಹತ್ತು ವರ್ಷ ಬಿಟ್ಟು ಹೋದಾಗ ಕಪಾಟು ಖಾಲಿ. "ಯಾರೂ ಓದಾಂಗಿಲ್ರಿ, ಧೂಳ್ ಬಾಳ ಆಗಿತ್ತು" ಎಂದರು ಅಲ್ಲಿದ್ದವರು. ಅವರು ಸುಳ್ಳು ಹೇಳಲಿಲ್ಲ. ಉರ್ದು ಲಿಪಿ ಬಲ್ಲ ಮಕ್ಕಳು ನಮ್ಮ ಮನೆಗಳಲ್ಲೇ ಕಡಿಮೆಯಾಗುತ್ತಿದ್ದಾರೆ. ಉರ್ದು ಮುಸಲ್ಮಾನರ ಮನೆಯ ಚಿಂತೆ ಮಾತ್ರ ಎಂದು ತಿಳಿಯುವವರು ಕಲಬುರಗಿ ಕಡೆಯ ಯಾವುದಾದರೂ ಹಳೆಯ ಜಮೀನಿನ ವ್ಯಾಜ್ಯವನ್ನು ನೋಡಬೇಕು. ನಿಜಾಮರ ಕಾಲದ ಕಂದಾಯದ ದಾಖಲೆ ಉರ್ದುವಿನಲ್ಲಿರುತ್ತದೆ. ಅಜ್ಜನ ಹೊಲದ ಮೇರೆ ಎಲ್ಲಿತ್ತೆಂದು ತಿಳಿಯಲು ಗೌಡರೂ ಕುರುಬರೂ ದಲಿತರೂ ಉರ್ದು ಓದಬಲ್ಲ ಮುದುಕರನ್ನು ಹುಡುಕಿಕೊಂಡು ಹೋಗುತ್ತಾರೆ. ಆ ಮುದುಕರು ಇನ್ನೆಷ್ಟು ದಿನ?

ದೊಡ್ಡ ಸಂಗ್ರಹಗಳೂ ಸುರಕ್ಷಿತ ಎಂದು ನಾವು ನೆಚ್ಚಿ ಕೂರುವಂತಿಲ್ಲ. ಅಬ್ದುಸ್ ಸಮದ್ ಖಾನ್ ಎಂಬ ಸಂಗ್ರಾಹಕರು ಜೀವಮಾನವಿಡೀ ಕೂಡಿಟ್ಟ ಉರ್ದು ಪುಸ್ತಕ, ಪತ್ರಿಕೆಗಳು ಹೈದರಾಬಾದಿನ ಸುಂದರಯ್ಯ ವಿಜ್ಞಾನ ಕೇಂದ್ರವನ್ನು ಸೇರಿದವು. 2000ದ ಆಗಸ್ಟಿನ ಪ್ರವಾಹದಲ್ಲಿ ನೀರು ಅಲ್ಲಿಗೂ ನುಗ್ಗಿತು, ಉಳಿದದ್ದನ್ನು ಉಳಿಸಿಕೊಳ್ಳಲು ಬಹಳ ಶ್ರಮಪಡಬೇಕಾಯಿತು. ಫೋಟೊ ತೆಗೆದು ಎರಡು ಕಡೆ ಇಡುವುದು ಈಗ ಕಷ್ಟವಲ್ಲ, ಎಲ್ಲರ ಜೇಬಿನಲ್ಲೂ ಕ್ಯಾಮರಾ ಇದೆ. ಆದರೆ ಆ ಫೋಟೊದ ಜೊತೆಗೆ ಇದು ಯಾರ ಮನೆಯದು, ಯಾವ ಊರು, ಹೇಗೆ ಉಳಿಯಿತು ಎಂದು ನಾಲ್ಕು ಸಾಲು ಕನ್ನಡದಲ್ಲಿ ಬರೆದಿಡುವ ವ್ಯವಧಾನ ಬೇಕು. ಅದಿಲ್ಲದೆ ನಮ್ಮ ಹಾಳೆ ಹೆಸರು ಹರಿದುಹೋದ ಹಳೆಯ ಕಾಗದ, ಅಷ್ಟೆ.

ಸೆಪ್ಟೆಂಬರ್ 17ರಂದು ನಾವು ನಾಣ್ಯವನ್ನೂ ಹಾಳೆಯ ನಕಲನ್ನೂ ಶಾಲೆಗೆ ಕೊಂಡೊಯ್ದೆವು. ಪಕ್ಕದ ಮನೆಯ ಆ ಯಜಮಾನರ ಮೊಮ್ಮಗ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದ. ಹಾಳೆಯನ್ನು ಬಹಳ ಹೊತ್ತು ನೋಡಿ, "ಇದರಾಗ ನಮ್ ಊರಿಂದು ಏನರ ಬರ್ದಾರೇನ್ರಿ ಭಾಯಿ?" ಎಂದು ಕೇಳಿದ. ನಾವು ಬೆರಳಿಟ್ಟು ಸಾಲು ಸಾಲು ಓದಿ ಹೇಳಿದೆವು. ನಮ್ಮ ಊರಿನ ಹೆಸರು ಎಲ್ಲಿಯೂ ಇರಲಿಲ್ಲ. ಕೊನೆಯ ಕಾಲಮಿನಲ್ಲಿ ಜೋಳದ ಧಾರಣೆ ಇತ್ತು, ಅಂಕಿಯ ಮೇಲೆ ಮಡಿಕೆ ಬಂದು ಅಳಿಸಿಹೋಗಿತ್ತು. ಆ ಹುಡುಗಿ ಹಗೇವು ಎಲ್ಲಿತ್ತೆಂದು ಕೇಳಿದಳು. ಓಣಿಗೆ ಸಿಮೆಂಟ್ ರಸ್ತೆ ಹಾಕುವಾಗ ಅದನ್ನು ಮುಚ್ಚಿದ್ದರು. ಅವಳ ಅಪ್ಪ ನಮ್ಮಿಂದ ಪೆನ್ನು ಇಸಿದುಕೊಂಡು ನಕಲಿನ ಹಿಂಬದಿಯಲ್ಲಿ ಓಣಿಯ ಗೆರೆ ಎಳೆದು, ನಮ್ಮ ಮನೆ, ಅವರ ಮನೆ ಗುರುತು ಹಾಕಿ, ನಡುವೆ ಒಂದು ಸೊನ್ನೆ ಬರೆದು ತೋರಿಸಿದ.